ಪೊಲೀಸ್ ಚೇಸ್: ಉತ್ತರ ಬೆಂಗಳೂರಿನ ರಸ್ತೆಗಳಲ್ಲಿ ವೇಗ, ಅಪಾಯ, ಹೊಣೆ

ನಿಲ್ಲಿಸು ಎಂದರೂ ನಿಲ್ಲದೆ ಓಡುವ ವಾಹನವನ್ನು ಪೊಲೀಸರು ಹಿಂಬಾಲಿಸಿ ಹಿಡಿಯಲು ಹೋಗುವುದನ್ನು ಪೊಲೀಸ್ ಚೇಸ್ ಎನ್ನುತ್ತಾರೆ. ಅಮೆರಿಕದಲ್ಲಿ ಹೆಲಿಕಾಪ್ಟರಿನ ಕ್ಯಾಮೆರಾ ಕೆಳಗೆ ಮೈಲಿಗಟ್ಟಲೆ ಸಾಗುವ ಚೇಸ್ ಬೆಂಗಳೂರಿನಲ್ಲಿ ಅಪರೂಪ. ಇಲ್ಲಿಯದು ಚುಟುಕು, ಹತ್ತಿರದ್ದು. ಹೊಯ್ಸಳ ಗಸ್ತು ವಾಹನವೋ ಚೀತಾ ಬೈಕೋ ಹಿಂದೆ ಬೀಳುತ್ತದೆ. ತಿರುವಿನಾಚೆ ನಿಂತಿದ್ದ ಸಿಬ್ಬಂದಿ ಏಕಾಏಕಿ ರಸ್ತೆಗಿಳಿದು ಅಡ್ಡ ಹಾಕುತ್ತಾರೆ. ಓಡುತ್ತಿರುವ ಬೈಕಿನ ಹ್ಯಾಂಡಲ್ಲಿಗೆ ಕೈ ಹಾಕುವುದು, ಕೀ ಕಿತ್ತುಕೊಳ್ಳುವುದು, ಲಾಠಿ ಬೀಸುವುದು ಇವೂ ಅದೇ ಜಾತಿಯ ಕೆಲಸಗಳೇ. ಓಡುವ ವಾಹನವನ್ನು ಬಲದಿಂದ ತಡೆಯುವುದು ಇವೆಲ್ಲದರ ಹಿಂದಿನ ಉದ್ದೇಶ. ಹೀಗಾಗಿ ಚೇಸ್ ಎಂಬುದು ಬಲಪ್ರಯೋಗ. ಪಿಸ್ತೂಲಿಗೆ ಎಷ್ಟು ಲೆಕ್ಕ ಕೇಳುತ್ತೇವೋ ಇದಕ್ಕೂ ಅಷ್ಟೇ ಲೆಕ್ಕ ಕೇಳಬೇಕು ಎಂಬ ನಿಲುವಿನಿಂದಲೇ ಈ ಲೇಖನ ವಿಷಯವನ್ನು ನೋಡುತ್ತದೆ.

ರಸ್ತೆಯ ಸ್ವರೂಪ

ಉತ್ತರ ಬೆಂಗಳೂರಿನ ರಸ್ತೆಗಳೇ ಈ ಚರ್ಚೆಗೆ ತೂಕ ಕೊಡುತ್ತವೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದ ಮೇಲೆ ಬಳ್ಳಾರಿ ರಸ್ತೆ ನಗರದ ಅತಿ ವೇಗದ ರಸ್ತೆಗಳಲ್ಲಿ ಒಂದಾಯಿತು. ಹೆಬ್ಬಾಳದಲ್ಲಿ ಹೊರವರ್ತುಲ ರಸ್ತೆ ಇದನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಮೇಲುಸೇತುವೆಯ ಮೇಲೆ ಕ್ಯಾಬುಗಳು ಸಿಗ್ನಲ್ ಇಲ್ಲದೆ ನುಗ್ಗುತ್ತಿದ್ದರೆ, ಅದರ ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಕೊಡಿಗೇಹಳ್ಳಿ, ಬ್ಯಾಟರಾಯನಪುರ, ಅಲ್ಲಾಳಸಂದ್ರದ ಜನ ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿರುತ್ತಾರೆ. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಸಂಜೆ ನಿಂತು ನೋಡಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಬಸ್ಸಿಗೆ ಕಾಯುವವರು ಫುಟ್‌ಪಾತ್ ಬಿಟ್ಟು ಡಾಂಬರಿನ ಅಂಚಿಗೇ ಬಂದು ನಿಂತಿರುತ್ತಾರೆ. ಬಸ್ಸು ಎರಡನೇ ಲೇನಿನಲ್ಲಿ ನಿಂತರೆ ಮೊದಲನೇ ಲೇನನ್ನು ಓಡಿ ದಾಟುತ್ತಾರೆ. ಆ ಸಂದಿಯಲ್ಲೇ ಬೈಕುಗಳು ನುಸುಳುತ್ತವೆ. ಅಲ್ಲಿ ಯಾರನ್ನೇ ಬೆನ್ನಟ್ಟಿದರೂ ಎದುರಿಗೆ ಸಿಗುವವರು ಆ ಬಸ್ಸಿಗೆ ಕಾದವರೇ.

ಯಲಹಂಕದಲ್ಲಿ ಕೋಗಿಲು ಕ್ರಾಸ್, ಬಾಗಲೂರು ಕ್ರಾಸ್ ಕಳೆದರೆ ರಸ್ತೆ ಬಿಚ್ಚಿಕೊಳ್ಳುತ್ತದೆ. ವೀಲಿಂಗ್ ಮಾಡುವ ಹುಡುಗರಿಗೂ ರಾತ್ರಿ ರೇಸಿಗೆ ಬರುವವರಿಗೂ ಬೇಕಾದ ಜಾಗ ಇಂಥದೇ. ಯಶವಂತಪುರದ ಚಿತ್ರ ಬೇರೆ: ಎಪಿಎಂಸಿ ಯಾರ್ಡಿನ ಲಾರಿಗಳು, ಗೊರಗುಂಟೆಪಾಳ್ಯದಲ್ಲಿ ಊರಿನ ಬಸ್ಸಿಗಾಗಿ ಮೂಟೆ ಇಟ್ಟುಕೊಂಡು ನಿಂತ ಕುಟುಂಬಗಳು, ತಲೆಯ ಮೇಲೆ ತುಮಕೂರು ರಸ್ತೆಯ ಫ್ಲೈಓವರ್. ಇನ್ನು ಆರ್.ಟಿ. ನಗರ, ಗಂಗಾನಗರ, ಸುಲ್ತಾನ್‌ಪಾಳ್ಯದ ಅಡ್ಡರಸ್ತೆಗಳಲ್ಲಿ ಎರಡೂ ಬದಿ ವಾಹನ ನಿಂತು ನಡುವೆ ಒಂದು ಕಾರು ಹೋಗುವಷ್ಟೇ ದಾರಿ ಉಳಿದಿರುತ್ತದೆ. ಓಡಿಹೋಗುವವನು ಮುಖ್ಯರಸ್ತೆ ಬಿಟ್ಟು ಇಂಥ ಕ್ರಾಸಿಗೇ ತಿರುಗುತ್ತಾನೆ, ಹಿಂದೆ ಬಂದವರೂ ತಿರುಗುತ್ತಾರೆ.

ವೇಗದ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋದರೆ 25 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ 20 ಮೀಟರ್ ಬೇಕು. ಅದೇ 100 ಕಿ.ಮೀ. ವೇಗಕ್ಕೆ ಒಟ್ಟು ಸುಮಾರು 95 ಮೀಟರ್. ಕಾರಿನ ಮುಂಭಾಗಕ್ಕೆ ಸಿಕ್ಕ ಪಾದಚಾರಿ ಸಾಯುವ ಸಂಭವ 50 ಕಿ.ಮೀ.ಯಿಂದ 65 ಕಿ.ಮೀ.ಗೆ ಏರುವಷ್ಟರಲ್ಲೇ ನಾಲ್ಕೂವರೆ ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು, ಸುಮಾರು ಶೇ 20 ಪಾದಚಾರಿಗಳು. ಅಂದರೆ ಲೋಹದ ಕವಚವಿಲ್ಲದವರೇ ಹೆಚ್ಚು. ನಮ್ಮ ಚೇಸ್ ನಡೆಯುವುದೂ ಅವರ ನಡುವೆಯೇ.

ಮಂಡ್ಯ, 2025

ಕರ್ನಾಟಕದಲ್ಲಿ ಈ ವಿಷಯ ಸರ್ಕಾರಿ ಆದೇಶದ ಮಟ್ಟಕ್ಕೆ ಬಂದದ್ದು ಒಂದು ಮಗುವಿನ ಸಾವಿನಿಂದ. 2025ರ ಮೇ 26ರಂದು ಮದ್ದೂರು ತಾಲ್ಲೂಕಿನ ದಂಪತಿ ನಾಯಿ ಕಚ್ಚಿದ ಮಗಳನ್ನು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆತರುತ್ತಿದ್ದರು. ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ಬೈಕನ್ನು ಅಡ್ಡ ಹಾಕಿ ತಡೆಯಲು ಹೋದಾಗ ಆಯ ತಪ್ಪಿತು. ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿತು. ಹೆತ್ತವರು ಶವದೊಂದಿಗೆ ರಸ್ತೆಯಲ್ಲೇ ಕುಳಿತರು. ಮೂವರು ಎಎಸ್‌ಐಗಳು ಅಮಾನತಾದರು.

ಹೆಲ್ಮೆಟ್ ಇಲ್ಲದ್ದಕ್ಕೆ ಕರ್ನಾಟಕದಲ್ಲಿ ಕಟ್ಟಿಸಿಕೊಳ್ಳುವ ದಂಡ 500 ರೂಪಾಯಿ. ಅಮಾನತಾದ ಮೂವರೂ ಮಗುವನ್ನು ಕೊಲ್ಲಬೇಕೆಂದು ನಿಂತಿದ್ದವರಲ್ಲ. ದಿನಕ್ಕೆ ಇಷ್ಟು ಕೇಸು ಎಂಬ ಒತ್ತಡ, ಕೈ ಬೀಸಿದರೂ ನಿಲ್ಲದವರ ಮೇಲಿನ ಸಿಟ್ಟು, ಹಿಡಿಯದೆ ಬಿಟ್ಟರೆ ಸೋತೆ ಎಂಬ ಭಾವ ಇವು ಆ ಕೆಲಸದ ನಿತ್ಯದ ಸಂಗತಿಗಳು. ಚಲಿಸುವ ಬೈಕಿನ ಹ್ಯಾಂಡಲ್ ಹಿಡಿದೆಳೆದರೆ ಏನಾಗುತ್ತದೆ ಎಂಬುದು ಬೈಕ್ ಓಡಿಸಿದ ಎಲ್ಲರಿಗೂ ಗೊತ್ತು. ಮುಂಚಕ್ರ ಸೊಟ್ಟ ತಿರುಗುತ್ತದೆ, ಗಾಬರಿಯಲ್ಲಿ ಸವಾರನ ಬಲಗೈ ಆಕ್ಸಿಲರೇಟರನ್ನು ತಿರುಚುತ್ತದೆ ಇಲ್ಲವೇ ಮುಂದಿನ ಬ್ರೇಕನ್ನು ಅಮುಕುತ್ತದೆ, ಹಿಂದೆ ಕೂತವರು ರಸ್ತೆಯ ನಡುಭಾಗದ ಕಡೆಗೇ ಉರುಳುತ್ತಾರೆ. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಇದಾದ ಕೂಡಲೇ ರಾಜ್ಯ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ವಾಹನ ತಡೆಯಬಾರದು. ಹೆದ್ದಾರಿಯಲ್ಲಿ ಏಕಾಏಕಿ ಅಡ್ಡ ಬರಬಾರದು. ಕೀ ಕಿತ್ತುಕೊಳ್ಳಬಾರದು, ಸವಾರರನ್ನು ಎಳೆಯಬಾರದು. ವೇಗವಾಗಿ ಹೋಗುವವರನ್ನು ಬೆನ್ನಟ್ಟದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು. ಕ್ಯಾಮೆರಾ ಮೂಲಕ ಕೇಸು ಹಾಕಲು ಆದ್ಯತೆ ಕೊಡಬೇಕು. ಇದು ಆ ಸುತ್ತೋಲೆಯ ಸಾರ. ದಾಖಲೆಗಾಗಿ ಮಾತ್ರ ತಡೆಯಬೇಡಿ ಎಂಬ ಮಾತನ್ನು 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಕೂಡ ಬಹಿರಂಗವಾಗಿ ಹೇಳಿದ್ದರು. ಮೂರು ವರ್ಷದ ನಂತರ ಅದನ್ನೇ ಮತ್ತೆ ಬರೆಯಬೇಕಾಗಿ ಬಂತು ಎಂಬುದು ಗಂಭೀರವಾಗಿ ಯೋಚಿಸಬೇಕಾದ ವಿಷಯ. ಠಾಣೆಯ ರೂಢಿ ಬದಲಾಗದೆ ಸುತ್ತೋಲೆಯೊಂದೇ ರಸ್ತೆಯ ಮೇಲೆ ಕೆಲಸ ಮಾಡುವುದಿಲ್ಲ.

ಅಕ್ಕಪಕ್ಕದ ಪ್ರಕರಣಗಳು

ಕನ್ನಡಿಗರು ಸಾಕಷ್ಟಿರುವ ಕಾಸರಗೋಡಿನ ಕುಂಬಳೆಯಲ್ಲಿ 2023ರ ಆಗಸ್ಟ್ 25ರಂದು ಶಾಲೆಯ ಓಣಂ ಆಚರಣೆಯ ದಿನ ವಿದ್ಯಾರ್ಥಿಗಳಿದ್ದ ಕಾರನ್ನು ಪೊಲೀಸರು ಹಿಂಬಾಲಿಸಿದರು. ಪುತ್ತಿಗೆ ಬಳಿ ಕಾರು ಮಗುಚಿತು. 17 ವರ್ಷದ ಹುಡುಗ ಕೆಲವು ದಿನಗಳ ನಂತರ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಊರಿನಲ್ಲಿ ಪ್ರತಿಭಟನೆಯಾಯಿತು, ಎಸ್‌ಐ ಮತ್ತು ಇಬ್ಬರು ಸಿಬ್ಬಂದಿ ವರ್ಗವಾದರು. ಹದಿಹರೆಯದವರು ಓಡುವುದು ಬಹಳ ಸಲ ದೊಡ್ಡ ಅಪರಾಧ ಮುಚ್ಚಿಡಲಿಕ್ಕಲ್ಲ, ಲೈಸೆನ್ಸ್ ಇಲ್ಲ ಎಂಬ ಭಯಕ್ಕೆ, ಅಪ್ಪನಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆಗೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಇದೆ. ಶಿಕ್ಷೆ ಹೀಗೆ ಮನೆಗೇ ಬರುವಂತಿರುವಾಗ ಹುಡುಗನನ್ನು ರಸ್ತೆಯಲ್ಲಿ ಅಟ್ಟಿಸಿಕೊಂಡು ಹೋಗುವ ಅಗತ್ಯ ಇನ್ನೂ ಕಡಿಮೆ.

ತಮಿಳುನಾಡಿನ ತಿರುಚ್ಚಿ ಬಳಿ 2018ರ ಮಾರ್ಚ್‌ನಲ್ಲಿ ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದ ದಂಪತಿಯನ್ನು ಇನ್‌ಸ್ಪೆಕ್ಟರ್ ಒಬ್ಬರು ಬೆನ್ನಟ್ಟಿ ಬೈಕಿಗೆ ಒದ್ದರೆಂಬ ಆರೋಪ ಬಂತು. ಕೆಳಗೆ ಬಿದ್ದ ಮಹಿಳೆ ಸತ್ತರು, ಅಧಿಕಾರಿಯ ಬಂಧನವಾಯಿತು. ಮೈಸೂರಿನ ವರ್ತುಲ ರಸ್ತೆಯಲ್ಲಿ 2021ರ ಮಾರ್ಚ್‌ನಲ್ಲಿ ಬೈಕ್ ಸವಾರ ಸತ್ತಾಗ, ಪೊಲೀಸರು ತಡೆಯಲು ಹೋದದ್ದೇ ಕಾರಣ ಎಂದು ಜನ ನಂಬಿದರು, ಪೊಲೀಸರು ಅಲ್ಲಗಳೆದರು. ಅಷ್ಟರಲ್ಲಿ ಗುಂಪು ಸಂಚಾರ ಸಿಬ್ಬಂದಿಯನ್ನು ಥಳಿಸಿ ವಾಹನ ಉರುಳಿಸಿಯಾಗಿತ್ತು. ತಡೆಯುವ ರೀತಿಯ ಬಗ್ಗೆ ಜನರಲ್ಲಿ ವರ್ಷಗಟ್ಟಲೆ ಕೂಡಿಬಂದ ಅಸಮಾಧಾನ ಒಂದು ಅಪಘಾತದ ದಿನ ಹೇಗೆ ಸ್ಫೋಟಿಸುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಏಟು ತಿಂದವರು ಆ ದಿನ ಡ್ಯೂಟಿಯಲ್ಲಿದ್ದ ಕೆಳಹಂತದ ನೌಕರರು.

ಕಾನೂನು ಏನು ಹೇಳುತ್ತದೆ

ಪೊಲೀಸ್ ಚೇಸಿಗೆಂದೇ ಮೀಸಲಾದ ಕಾಯ್ದೆ ಭಾರತದಲ್ಲಿಲ್ಲ. ಆದರೆ ತಳಪಾಯದ ನಿಯಮ ಹಳೆಯದು, ಸ್ಪಷ್ಟವಾದದ್ದು. ದಂಡ ಪ್ರಕ್ರಿಯಾ ಸಂಹಿತೆಯ 46ನೇ ಸೆಕ್ಷನ್, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್, ಬಂಧನ ತಪ್ಪಿಸಿಕೊಳ್ಳುವವನ ಮೇಲೆ ಅಗತ್ಯವಾದ ಬಲ ಬಳಸಲು ಪೊಲೀಸರಿಗೆ ಅಧಿಕಾರ ಕೊಡುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಅದು ಕೊಡುವುದಿಲ್ಲ ಎಂಬ ಮಾತೂ ಅಲ್ಲೇ ಇದೆ. ಹೆಲ್ಮೆಟ್, ತ್ರಿಬಲ್ ರೈಡಿಂಗ್, ಸಿಗ್ನಲ್ ಜಂಪ್, ಇನ್ಶೂರೆನ್ಸ್ ಇವೆಲ್ಲ ಆ ಗೆರೆಯಿಂದ ಎಷ್ಟೋ ಕೆಳಗಿನವು. ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದಿದ್ದರೆ ಮೋಟಾರು ವಾಹನ ಕಾಯ್ದೆಯ 179ನೇ ಸೆಕ್ಷನ್ ಹೇಳುವುದು 2,000 ರೂಪಾಯಿ ದಂಡ. ಓಡಿದ ಎಂಬ ಒಂದೇ ಕಾರಣಕ್ಕೆ ಯಾವನೂ ದೊಡ್ಡ ಅಪರಾಧಿಯಾಗುವುದಿಲ್ಲ.

ತುರ್ತು ಕರ್ತವ್ಯದ ವಾಹನಗಳು ಸೈರನ್, ದೀಪ ಹಾಕಿ ಕೆಂಪು ಸಿಗ್ನಲ್ ದಾಟಲು, ವೇಗಮಿತಿ ಮೀರಲು 2017ರ ಚಾಲನಾ ನಿಯಮಾವಳಿ ಅವಕಾಶ ಕೊಟ್ಟಿದೆ. ಆದರೆ ಸೂಕ್ತ ಎಚ್ಚರಿಕೆ ವಹಿಸಬೇಕೆಂಬ ಷರತ್ತಿನೊಂದಿಗೆ. ನಿರ್ಲಕ್ಷ್ಯದಿಂದ ಸಾವು ಉಂಟಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಸಮವಸ್ತ್ರದವರಿಗೂ ಅನ್ವಯಿಸುತ್ತದೆ. ಪರಿಹಾರದ ವಿಷಯದಲ್ಲಿ 1962ರ ವಿದ್ಯಾವತಿ ಪ್ರಕರಣದಲ್ಲಿ ಸರ್ಕಾರಿ ಜೀಪು ಬಡಿದು ಪಾದಚಾರಿ ಸತ್ತದ್ದಕ್ಕೆ ರಾಜಸ್ಥಾನ ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 1965ರ ಕಸ್ತೂರಿಲಾಲ್ ತೀರ್ಪು ಪೊಲೀಸ್ ಕೆಲಸವನ್ನು ಸಾರ್ವಭೌಮ ಕರ್ತವ್ಯವೆಂದು ಆ ಹೊಣೆಯಿಂದ ತಪ್ಪಿಸಿತು. 1993ರ ನೀಲಬತಿ ಬೆಹೆರಾ ತೀರ್ಪು ಜೀವಿಸುವ ಹಕ್ಕಿನ ಉಲ್ಲಂಘನೆಗೆ ಆ ರಕ್ಷಣೆ ನಿಲ್ಲದು ಎಂದಿತು. ಇಷ್ಟಾದರೂ ದಾರಿಹೋಕನ ಕುಟುಂಬದ ಪಾಡು ಕಷ್ಟದ್ದೇ. ಗುದ್ದಿ ಓಡಿದ ವಾಹನದ ಗುರುತು ಸಿಗದಿದ್ದರೆ ಹಿಟ್ ಅಂಡ್ ರನ್ ಯೋಜನೆಯಡಿ ಸಾವಿಗೆ ಸಿಗುವುದು 2 ಲಕ್ಷ ರೂಪಾಯಿ.

ಕೇರಳ ಹೈಕೋರ್ಟ್ 2019ರ ನವೆಂಬರಿನಲ್ಲಿ ಹೆಲ್ಮೆಟ್ ಇಲ್ಲದ ಸವಾರರನ್ನು ಬೆನ್ನಟ್ಟುವುದಾಗಲಿ, ರಸ್ತೆ ಮಧ್ಯೆ ಮೈಯಡ್ಡ ಕೊಟ್ಟು ತಡೆಯುವುದಾಗಲಿ ಸಲ್ಲದು, ಕ್ಯಾಮೆರಾ ಬಳಸಿ ಎಂದು ಹೇಳಿತು. ಅದೇ ತಿಂಗಳ ಕೊನೆಯಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಪೊಲೀಸನೊಬ್ಬ ಎಸೆದ ಲಾಠಿ ತಗುಲಿ ಬೈಕ್ ಸವಾರನೊಬ್ಬ ಗಾಯಗೊಂಡ.

ಬಿಟ್ಟರೆ ತಪ್ಪಿಸಿಕೊಳ್ಳುತ್ತಾನಲ್ಲ?

ಪೊಲೀಸರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು. ಬೆಂಗಳೂರಿನ ಮಟ್ಟಿಗೆ ಅದಕ್ಕೆ ಒಂದಿಷ್ಟು ಉತ್ತರವಿದೆ. 2022ರ ಡಿಸೆಂಬರಿನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಂಪ್ ಹಿಡಿಯುವ 80 ಕ್ಯಾಮೆರಾಗಳ ವ್ಯವಸ್ಥೆ ಶುರುವಾಯಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಘೋಷಿಸಿದಾಗ ಕೆಲವೇ ದಿನಗಳಲ್ಲಿ ಸುಮಾರು 120 ಕೋಟಿ ರೂಪಾಯಿ ಕಟ್ಟಲು ಜನ ಸಾಲು ನಿಂತರು. ಅಡ್ಡ ಹಾಕದೆಯೂ ದಂಡ ವಸೂಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ವಾಹನ ಓಡಿಸಿದವರು ಯಾರೆಂದು ಮಾಲೀಕ ಪೊಲೀಸರಿಗೆ ತಿಳಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಹೇಳುತ್ತದೆ. ಈ ಸೆಕ್ಷನ್ನನ್ನು ಠಾಣೆಗಳು ಚುರುಕಾಗಿ ಬಳಸಿದರೆ ಚೇಸಿನ ಅರ್ಧ ಕಾರಣ ಅಲ್ಲೇ ಹೋಗುತ್ತದೆ.

ಉಳಿದ ಅರ್ಧ ಸುಲಭದ್ದಲ್ಲ. ಮಡಚಿದ ಪ್ಲೇಟು, ಮಣ್ಣು ಮೆತ್ತಿದ ಪ್ಲೇಟು, ನಕಲಿ ಪ್ಲೇಟು, ಕದ್ದ ವಾಹನ ಇವುಗಳ ಮುಂದೆ ಕ್ಯಾಮೆರಾ ಕುರುಡು. ಆದರೂ 2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಹಾಡಹಗಲೇ ನಡೆದ 7.11 ಕೋಟಿ ರೂಪಾಯಿಯ ಎಟಿಎಂ ಹಣದ ವ್ಯಾನ್ ದರೋಡೆಯನ್ನು ನೆನೆಯಬೇಕು. ನಕಲಿ ನಂಬರ್ ಹಾಕಿಕೊಂಡ ಗುಂಪು ನಗರದಿಂದ ಹೊರಗೇ ಹೋಗಿತ್ತು. ಸಿಸಿಟಿವಿ, ಮೊಬೈಲ್ ಜಾಡು, ಗಡಿಯಾಚೆಯ ಹುಡುಕಾಟದಿಂದ ಕೆಲವೇ ದಿನಗಳಲ್ಲಿ ಬಹುಪಾಲು ಹಣ ಸಿಕ್ಕಿತು. ಆರ್.ಟಿ. ನಗರಕ್ಕೆ ದೂರವಲ್ಲದ ಗೋವಿಂದಪುರ ಠಾಣೆಯ ಕಾನ್‌ಸ್ಟೆಬಲ್ ಒಬ್ಬನೂ ಬಂಧಿತರಲ್ಲಿದ್ದ. ಇಷ್ಟು ದೊಡ್ಡ ಅಪರಾಧವೂ ರಸ್ತೆಯ ಮೇಲೆ ಯಾರನ್ನೂ ಅಟ್ಟಿಸದೆ ಬಯಲಾಯಿತು.

ಇನ್ನೊಂದು ಬದಿ ಮರೆಯುವಂತಿಲ್ಲ. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಅದನ್ನೇ ಹರಿಸಿ ಕೊಂದರು. ವಾಹನದ ಎದುರು ಬರಿಮೈಯಲ್ಲಿ ನಿಲ್ಲುವ ನೌಕರನ ಜೀವವೂ ಜೀವವೇ. ಅಡ್ಡ ನಿಲ್ಲಬೇಡ ಎನ್ನುವ ಆದೇಶ ಸವಾರನಷ್ಟೇ ಅವನನ್ನೂ ಕಾಪಾಡುತ್ತದೆ. ಮೇಲಧಿಕಾರಿಗಳು ಈ ಅಂಶವನ್ನು ಸಿಬ್ಬಂದಿಗೆ ಬಿಡಿಸಿ ಹೇಳಿದ್ದರೆ ಸುತ್ತೋಲೆಯನ್ನು ಅವರು ತಮ್ಮ ಕೈ ಕಟ್ಟುವ ಹಗ್ಗವೆಂದು ನೋಡುತ್ತಿರಲಿಲ್ಲ.

ವೀಲಿಂಗ್ ವಿಷಯದಲ್ಲಿ ಜನರೇ ಚೇಸಿಗೆ ಇಳಿಯುವುದುಂಟು. 2024ರ ಆಗಸ್ಟಿನಲ್ಲಿ ತುಮಕೂರು ಹೆದ್ದಾರಿಯ ಅಡಕಮಾರನಹಳ್ಳಿ ಬಳಿ ವೀಲಿಂಗ್ ಮಾಡುತ್ತಿದ್ದವರ ಸ್ಕೂಟರ್‌ಗಳನ್ನು ಸಿಟ್ಟಿಗೆದ್ದ ಜನ ಫ್ಲೈಓವರಿನಿಂದ ಕೆಳಗೆ ಎಸೆದರು. ವೀಡಿಯೊ ನೋಡಿ ಮೆಚ್ಚಿದವರು ಬಹಳ. ಕೆಳಗಿನ ರಸ್ತೆಯಲ್ಲಿ ಯಾರಾದರೂ ಹೋಗುತ್ತಿದ್ದರೆ ಎಂದು ಕೇಳಿದವರು ಕಡಿಮೆ. ವೀಲಿಂಗ್ ನಿಜಕ್ಕೂ ಅಪಾಯಕಾರಿ. ಅದನ್ನು ಹತ್ತಿಕ್ಕಲು ಬಿಗಿ ಕಾನೂನು ಬೇಕೆಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿತು. ಆದರೆ ಒಂದೇ ಚಕ್ರದ ಮೇಲೆ ಓಡುತ್ತಿರುವವನ ಹಿಂದೆ ಸೈರನ್ ಹಾಕಿದರೆ ಅವನ ವೇಗ ಹೆಚ್ಚುತ್ತದೆಯೇ ಹೊರತು ಅಪಾಯ ಇಳಿಯುವುದಿಲ್ಲ. ಅವನ ವೀಡಿಯೊ ಸಾಮಾನ್ಯವಾಗಿ ಅವನ ಖಾತೆಯಲ್ಲೇ ಇರುತ್ತದೆ. ಮರುದಿನ ಬೆಳಿಗ್ಗೆ ಮನೆಗೆ ಹೋಗಿ ಬೈಕ್ ಜಪ್ತಿ ಮಾಡುವುದರಲ್ಲಿ ಯಾರಿಗೂ ಗಾಯವಾಗುವುದಿಲ್ಲ.

ಹೊರಗಿನ ಅನುಭವ

ಅಮೆರಿಕದಲ್ಲಿ 2017ರಿಂದ 2022ರವರೆಗೆ ಚೇಸುಗಳಲ್ಲಿ ಕನಿಷ್ಠ 3,336 ಮಂದಿ ಸತ್ತರು, ಹೆಚ್ಚಿನವು ಸಣ್ಣಪುಟ್ಟ ಕಾರಣಗಳಿಂದ ಶುರುವಾದವು ಎಂದು ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ತನಿಖೆ 2024ರಲ್ಲಿ ತೋರಿಸಿತು. ಅಲ್ಲಿನ ಸುಪ್ರೀಂ ಕೋರ್ಟ್ 2007ರ ಸ್ಕಾಟ್ ವಿರುದ್ಧ ಹ್ಯಾರಿಸ್ ಪ್ರಕರಣದಲ್ಲಿ ಪೊಲೀಸರ ಪರ ನಿಂತಿತ್ತು. ಅತಿವೇಗದ ಕಾರಣಕ್ಕೆ ಶುರುವಾದ ಚೇಸಿನಲ್ಲಿ ಪೊಲೀಸ್ ಕಾರು ಹಿಂದಿನಿಂದ ಗುದ್ದಿ, ಹತ್ತೊಂಬತ್ತರ ಹುಡುಗ ಕೈಕಾಲು ಸ್ವಾಧೀನ ಕಳೆದುಕೊಂಡಿದ್ದ. ಸಾರ್ವಜನಿಕರ ರಕ್ಷಣೆಗಾಗಿ ಹಾಗೆ ಮಾಡಿದ್ದು ತಪ್ಪಲ್ಲ ಎಂದು ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಹೇಳಿದರು. ಚೇಸನ್ನೇ ಕೈಬಿಟ್ಟಿದ್ದರೆ ಸಾರ್ವಜನಿಕರಿಗೆ ಇನ್ನೂ ಕ್ಷೇಮವಾಗುತ್ತಿರಲಿಲ್ಲವೇ ಎಂಬುದು ಆ ತೀರ್ಪಿನ ಟೀಕಾಕಾರರ ಪ್ರಶ್ನೆ. ನನಗೆ ಅದು ಸರಿಯಾದ ಪ್ರಶ್ನೆಯಾಗಿ ಕಾಣುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2011ರ ಕೊನೆಯಿಂದ ಜೀವಕ್ಕೆ ಅಪಾಯವಿರುವಂಥ ಗಂಭೀರ ಸಂದರ್ಭಗಳಿಗೆ ಮಾತ್ರ ಚೇಸನ್ನು ಮಿತಿಗೊಳಿಸಿತು. ಜೊತೆಗೆ ಓಡಿದ ವಾಹನದ ಮಾಲೀಕನೇ ಚಾಲಕ ಯಾರೆಂದು ಹೇಳಬೇಕೆಂಬ ಕಾನೂನನ್ನೂ ಬಿಗಿಯಾಗಿ ಜಾರಿ ಮಾಡಿತು. ನ್ಯೂಜಿಲೆಂಡ್ 2020ರ ಡಿಸೆಂಬರಿನಲ್ಲಿ ಚೇಸಿಗೆ ಕಡಿವಾಣ ಹಾಕಿತು. ಓಡಿಹೋಗುವವರು ಹೆಚ್ಚಾದರೆಂದು 2023ರಲ್ಲಿ ಅದನ್ನು ಒಂದಿಷ್ಟು ಸಡಿಲಿಸಿತು. ನಿರ್ಬಂಧಕ್ಕೂ ಬೆಲೆಯಿದೆ ಎಂದು ಒಪ್ಪಿಕೊಂಡೇ ಮಾತಾಡಬೇಕು. ಬ್ರಿಟನ್‌ನಲ್ಲಿ ವಿಶೇಷ ತರಬೇತಿ ಪಡೆದ ಚಾಲಕರಿಗೆ ಮಾತ್ರ ಇಂಥ ಕೆಲಸ. ಕಂಟ್ರೋಲ್ ರೂಮಿನಲ್ಲಿರುವ ಅಧಿಕಾರಿ ನಿಲ್ಲಿಸಿ ಎಂದರೆ ಅಲ್ಲಿಗೇ ಬಿಡಬೇಕು. ಬೆನ್ನಟ್ಟುವ ಬಿಸಿಯಲ್ಲಿರುವವನ ಕೈಯಲ್ಲಿ ನಿರ್ಧಾರ ಇರಬಾರದು ಎಂಬ ಈ ತತ್ವ ನಮಗೂ ಹೊಂದುತ್ತದೆ. ಬೆಂಗಳೂರಿನ ಪೊಲೀಸ್ ಕಮಾಂಡ್ ಸೆಂಟರ್ 2023ರಲ್ಲೇ ಸಿದ್ಧವಾಗಿದೆ, ಗಸ್ತು ವಾಹನಗಳಲ್ಲಿ ವೈರ್‌ಲೆಸ್ ಇದೆ.

ಚೇಸ್ ಬೇಕೇ ಬೇಕಾದ ಸಂದರ್ಭಗಳೂ ಇವೆ: ಮಗುವನ್ನು ಅಪಹರಿಸಿ ಒಯ್ಯುತ್ತಿರುವ ಕಾರು, ಕೊಲೆ ಮಾಡಿ ಇನ್ನೊಬ್ಬರ ಮನೆಗೆ ಹೊರಟವನು, ಕುಡಿದು ಎದುರು ದಿಕ್ಕಿನಲ್ಲಿ ಲಾರಿ ನುಗ್ಗಿಸುತ್ತಿರುವವನು. ಅಲ್ಲೂ ಮೊದಲು ಮುಂದಿನ ಜಂಕ್ಷನ್‌ಗೆ ತಿಳಿಸುವುದು, ಸಾದಹಳ್ಳಿ ಟೋಲ್‌ನಂಥ ಕಡೆ ವಾಹನಗಳನ್ನು ನಿಧಾನಗೊಳಿಸಿ ಹಿಡಿಯುವುದು ಸಾಧ್ಯ. ಬಳ್ಳಾರಿ ರಸ್ತೆಯಲ್ಲಿ ಓಡುವವನಿಗೆ ತಪ್ಪಿಸಿಕೊಳ್ಳುವ ದಾರಿಗಳು ಎಣಿಸಿದಷ್ಟೇ.

ಲೆಕ್ಕದ ಪುಸ್ತಕ

ಕೇಂದ್ರ ಸಾರಿಗೆ ಸಚಿವಾಲಯ ಪ್ರತಿವರ್ಷ ಹೊರತರುವ ಅಪಘಾತ ವರದಿಯಲ್ಲಿ ಅತಿವೇಗ, ಕುಡಿತ, ರಾಂಗ್ ಸೈಡ್, ಸಿಗ್ನಲ್ ಜಂಪ್, ಮೊಬೈಲ್ ಬಳಕೆ ಎಂಬ ಕಾಲಂಗಳಿವೆ. ಪೊಲೀಸ್ ಬೆನ್ನಟ್ಟಿದಾಗ ಅಥವಾ ಅಡ್ಡ ಹಾಕಿದಾಗ ಆದ ಸಾವಿಗೆ ಕಾಲಂ ಇಲ್ಲ. ಹಾಗಾಗಿ ಅವು ಅತಿವೇಗದ ಪುಟದಲ್ಲೋ ಇತರೆ ಎಂಬ ಸಾಲಿನಲ್ಲೋ ಸೇರಿಹೋಗುತ್ತವೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಸಂಚಾರ ಠಾಣೆಗಳಿಂದಲೇ ಇದನ್ನು ಸರಿಪಡಿಸಲು ಶುರುಮಾಡಬಹುದು. ಪ್ರತಿ ಚೇಸಿಗೂ ಒಂದು ಪುಟ ಸಾಕು: ಶುರುವಾದದ್ದು ಯಾವ ತಪ್ಪಿಗೆ, ಒಪ್ಪಿಗೆ ಕೊಟ್ಟವರು ಯಾರು, ಎಷ್ಟು ವೇಗ, ಎಲ್ಲಿ ಕೈಬಿಟ್ಟರು, ಯಾರಿಗೆ ಪೆಟ್ಟಾಯಿತು. ಅದರ ಜೊತೆಗೆ ಸಿಬ್ಬಂದಿಯ ಬಾಡಿ ಕ್ಯಾಮೆರಾದ ದೃಶ್ಯ ಉಳಿಸಿಡಬೇಕು. ಸಾವಾದರೆ ತನಿಖೆಯನ್ನು ಅದೇ ಠಾಣೆಗೆ ಕೊಡದೆ ಬೇರೆ ವಿಭಾಗದ ಅಧಿಕಾರಿಗೆ ಒಪ್ಪಿಸಬೇಕು. ನಂಬರ್ ಬರೆದುಕೊಂಡು ಬಿಟ್ಟ ಕಾನ್‌ಸ್ಟೆಬಲ್‌ನನ್ನು ಯಾಕೆ ಬಿಟ್ಟೆ ಎಂದು ಮೇಲಿನವರು ಬೈಯಬಾರದು ಎಂಬುದನ್ನೂ ಆದೇಶದಲ್ಲೇ ಬರೆಯಬೇಕು.